ಹನ್ನೆರಡನೆಯವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಮೊದಲು ಸಿಟ್ಟಿಗೇಳುತ್ತಿದ್ದವರು ಅವರೇ. ಗೋಕಾಕದಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಟೆಸ್ಟ್ ತಂಡದ ಬಗ್ಗೆ ವಾದಿಸುವಾಗ ಯಾರೂ ಯಾವ ಆಟಗಾರನ ಹೆಸರನ್ನೂ ಎತ್ತಕೂಡದು ಎಂಬುದು ಅವರು ಮಾಡಿದ ಕಾಯಿದೆ.

'ಹೆಸರು ಹೇಳಿದ್ರ ಊರು ಬರತೈತಿ. ಊರು ಬಂದ್ರ ಭಾಷಾ ಬರತೈತಿ. ಅದರ ಬೆನ್ನ ಹತ್ತಿ ಜಾತಿ ಬರತೈತಿ. ಆಮ್ಯಾಲ ಕ್ರಿಕೆಟ್ ಎಲ್ಲಿ ಉಳೀತ್ರಿ?' ಎನ್ನುತ್ತಿದ್ದರು.

ಮಾತಿನಲ್ಲಿ ಸುಳ್ಳಿರಲಿಲ್ಲ. ರಾಜ್ಯ ಒಂದಾಗಿ ಕೆಲವೇ ವರ್ಷವಾಗಿದ್ದ ಕಾಲ ಅದು. ಮನೆಯಲ್ಲಿ ಮರಾಠಿ ಮಾತಾಡುವವರು ಮುಂಬಯಿಯ ಆಟಗಾರರ ಪರ, ಕನ್ನಡದವರು ಮೈಸೂರಿನ ಕಡೆಯವರ ಪರ. ಟೆಸ್ಟ್ ತಂಡ ಪ್ರಕಟವಾದ ದಿನ ಪೇಟೆಯಲ್ಲಿ ಚಹಾದ ಅಂಗಡಿಗಳೇ ಎರಡು ಪಕ್ಷವಾಗುತ್ತಿದ್ದವು. ಇವರ ಕಟ್ಟೆಯ ಮೇಲೆ ಮಾತ್ರ ಆರಂಭದ ಆಟಗಾರ, ಆರನೆಯವ, ಎಡಗೈ ಬೌಲರ್, ಕೀಪರ್ ಎಂದು ಮಾಡುವ ಕೆಲಸದಿಂದಲೇ ಕರೆಯಬೇಕಿತ್ತು. ಮರೆತು ಹೆಸರು ಹೇಳಿದವನಿಗೆ ಆ ಹೊತ್ತಿನ ಚಹಾ ಇಲ್ಲ. ಆದ್ದರಿಂದ ನಾನೂ ಅವರನ್ನು ಅವರ ಕೆಲಸದಿಂದಲೇ, ವಕೀಲರು ಎಂದೇ ಕರೆಯುತ್ತೇನೆ. ಈಗ ಅವರಿಲ್ಲ, ಚಹಾ ತಪ್ಪೀತೆಂಬ ಅಂಜಿಕೆಯೂ ಇಲ್ಲ. ಆದರೂ ಕಾಯಿದೆ ಕಾಯಿದೆಯೇ.

ಈ ಕಾಯಿದೆಯಿಂದ ಒಮ್ಮೆ ಭಾರಿ ಫಜೀತಿಯಾಯಿತು. ಎಡಗೈ ಬೌಲರನನ್ನು ತಂಡದಲ್ಲಿ ಇಡಬೇಕೋ ಬಿಡಬೇಕೋ ಎಂದು ಒಂದು ವಾರ ವಾದ ನಡೆಯಿತು. ಒಬ್ಬರಿಗೊಬ್ಬರು ಮುಖ ನೋಡದ ಮಟ್ಟಕ್ಕೆ ಹೋಗಿ ಕೊನೆಗೆ ರಾಜಿಯೂ ಆಯಿತು. ಆಮೇಲೆ ತಿಳಿಯಿತು, ತಂಡದಲ್ಲಿ ಎಡಗೈಯವರು ಇಬ್ಬರಿದ್ದರು. ಅರ್ಧ ಜನ ಒಬ್ಬನ ಬಗ್ಗೆ ಹೊಡೆದಾಡಿದ್ದರು, ಉಳಿದರ್ಧ ಜನ ಇನ್ನೊಬ್ಬನ ಬಗ್ಗೆ. ವಕೀಲರಿಗೆ ಇದರಿಂದ ಸ್ವಲ್ಪವೂ ನಾಚಿಕೆಯಾಗಲಿಲ್ಲ. 'ನೋಡ್ರಿ, ಇಬ್ರಿಗೂ ನ್ಯಾಯ ಸಿಕ್ತು' ಎಂದು ಚಹಾ ತರಿಸಿದರು.

ಗಿಡ್ಡ, ದುಂಡು ಮನುಷ್ಯ. ಬಲಗೈ ತೋರುಬೆರಳು ಚೆಂಡು ಬಡಿದು ಬಡಿದು ಸೊಟ್ಟಗಾಗಿತ್ತು. ಕೋರ್ಟಿನಲ್ಲಿ ಅವರು ಎದುರು ಪಕ್ಷದ ಸಾಕ್ಷಿಯ ಕಡೆ ಕೈ ಮಾಡಿದರೆ ಆ ಬೆರಳು ಬೇರೆ ಯಾರನ್ನೋ ತೋರಿಸುತ್ತಿತ್ತು. ಒಮ್ಮೆ ಹೀಗೆ ಬಾಗಿಲ ಬಳಿ ನಿಂತಿದ್ದ ಜವಾನ ಗಾಬರಿಯಾಗಿ ಹೊರಗೆ ಓಡಿಹೋದ ಕಥೆಯನ್ನು ಅವರೇ ಹೇಳಿ ನಗಿಸುತ್ತಿದ್ದರು. ಮ್ಯಾಚಿನ ದಿನ ಬಿಳಿ ಪ್ಯಾಂಟಿಗೆ ಬೆಲ್ಟಿನ ಬದಲು ಕಾಲೇಜಿನಲ್ಲಿದ್ದಾಗಿನ ಹಳೆಯ ಟೈ ಕಟ್ಟುತ್ತಿದ್ದರು. ದೊಡ್ಡ ಆಟಗಾರರು ಹಾಗೆ ಕಟ್ಟುತ್ತಾರೆ ಎಂದು ಎಲ್ಲೋ ನೋಡಿದ್ದರಂತೆ. ಆದರೆ ಅವರ ಹೊಟ್ಟೆಗೆ ಆ ಟೈ ಸಾಲದೆ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಳ್ಳುತ್ತಿತ್ತು.

ವಕೀಲಿ ಅಷ್ಟಕ್ಕಷ್ಟೇ. ಕಾನೂನು ಗೊತ್ತಿರಲಿಲ್ಲ ಎಂದಲ್ಲ, ಅವರ ಚಟ ಹಾಗಿತ್ತು. ಒಬ್ಬನ ಮೇಲೆ ದೂರು ಹೇಳುವ ಮೊದಲು ಅವನ ಪರವಾಗಿ ಹೇಳಬಹುದಾದದ್ದನ್ನೆಲ್ಲ ತಾವೇ ಹೇಳಿಬಿಡುತ್ತಿದ್ದರು. ಹೊಲದ ಬದುವಿನ ವ್ಯಾಜ್ಯ ತಂದಿದ್ದ ಕಲ್ಲೋಳಿಯ ರೈತನೊಬ್ಬ ಅರ್ಧ ತಾಸು ಅವರ ವಾದ ಕೇಳಿ, 'ಸಾಹೇಬ್ರ, ನೀವು ನನ್ನ ವಕೀಲ್ರೋ ನಮ್ಮ ಅಣ್ಣನ ವಕೀಲ್ರೋ?' ಎಂದು ಕೇಳಿ ಕಾಗದಪತ್ರ ಎತ್ತಿಕೊಂಡು ಎದ್ದು ಹೋದ. ವಕೀಲರು ಅವನನ್ನು ಬೀದಿಯ ತನಕ ಕಳಿಸಲು ಹೋಗಿ, ಹೊಸ ವಕೀಲರು ಯಾರಾದರೆ ಒಳ್ಳೆಯದೆಂದೂ ಹೇಳಿ ಬಂದರು.

ಕಟ್ಟೆಯ ಎರಡನೆಯ ಕಾಯಿದೆ ಹುಟ್ಟಿದ್ದು ಈ ಚಟದಿಂದಲೇ. ಟೆಸ್ಟ್ ತಂಡದಿಂದ ಒಬ್ಬನನ್ನು ತೆಗೆಯಬೇಕು ಎನ್ನುವವನು ಮೊದಲು ಆ ಆಟಗಾರನ ವಕೀಲನಾಗಿ ನಿಂತು ಅವನ ಪರ ಮಾತಾಡಬೇಕು. ಮಾತಾಡಿ ಮುಗಿಸಿದ ಮೇಲೂ ತೆಗೆಯಬೇಕು ಅನ್ನಿಸಿದರೆ ತೆಗೆಯಲಿ. ಕೇಳಲು ಸುಲಭ. ಕಟ್ಟೆಯ ಮೇಲೆ ನಿಂತು ಮಾಡಿ ನೋಡಬೇಕು.

ನಾನು ಆ ಕಟ್ಟೆ ಹತ್ತಿದ್ದು ಹೇಗೆಂದು ಹೇಳಬೇಕು. ನಾನು ಮೇಲವಂಕಿಯವನು. ನಮ್ಮಪ್ಪ ಮಂದಿಯ ಹೊಲದಲ್ಲಿ ದುಡಿದವನು. ನಮ್ಮ ಕೇರಿಯವರು ಬೌದ್ಧರಾಗಿ ಬುದ್ಧನ ಫೋಟೋ ಗೋಡೆಗೆ ಹಾಕಿದ ಮರುವರ್ಷ ನನಗೆ ಗೋಕಾಕದಲ್ಲಿ ಕಾಲುವೆ ಆಫೀಸಿನ ಗುಮಾಸ್ತಿಕೆ ಸಿಕ್ಕಿತು. ಬೆಳಗಾವಿಯ ಹಾಸ್ಟೆಲಿನಲ್ಲಿ ಓದುವಾಗ ಚಾಪೆ ಹಾಸಿದ ಪಿಚ್ಚಿನ ಮೇಲೆ ಬೌಲಿಂಗ್ ಕಲಿತಿದ್ದೆ. ಗೋಕಾಕಕ್ಕೆ ಬಂದ ಮೇಲೆ ಮಾತಾಡಲು ಜನವಿರಲಿಲ್ಲ. ರವಿವಾರ ವಕೀಲರ ಮನೆಯ ಮುಂದೆ ಹಾಯುವಾಗ ರೇಡಿಯೋದಲ್ಲಿ ಟೆಸ್ಟಿನ ವರ್ಣನೆ ಕೇಳಿಸುತ್ತಿತ್ತು. ಬೀದಿಯ ಆಚೆ ಬೇವಿನ ಗಿಡದ ಕೆಳಗೆ, ಯಾರಿಗೋ ಕಾಯುತ್ತಿರುವ ಹಾಗೆ ಮುಖ ಮಾಡಿಕೊಂಡು ನಿಂತು ಕೇಳುತ್ತಿದ್ದೆ.

ಒಂದು ದಿನ ವಕೀಲರು ಕಟ್ಟೆಯಿಂದ ಕೂಗಿದರು. 'ಯಾರ್ರೀ ಅವ್ರು ಗಿಡದ ಕೆಳಗ? ಅಲ್ಲಿ ನಿಂತ್ರ ಅರ್ಧ ಸ್ಕೋರ್ ಕೇಳತೈತಿ. ಮ್ಯಾಲ ಬರ್ರಿ.'

ಹತ್ತಿದೆ. ಹಿಂಡಿಟ್ಟ ಬಟ್ಟೆಯ ಹಾಗೆ ಮೈ ಮುದುಡಿಕೊಂಡು ತುದಿಯಲ್ಲಿ ಕುಳಿತೆ. ಅಲ್ಲಿ ಅಡತಿ ಅಂಗಡಿಯ ಸಾವಕಾರರು ಇದ್ದರು. ಬೆಲ್ಲ, ಶೇಂಗಾ ವ್ಯಾಪಾರದ ದೊಡ್ಡ ಕುಳ. ಊರಿನ ಕ್ರಿಕೆಟ್ ಸಂಘಕ್ಕೆ ಬ್ಯಾಟು, ಚಾಪೆ ಕೊಡಿಸುತ್ತಿದ್ದವರೂ ಅವರೇ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾವ ಊರಾತ್ರಿ ನಿಮ್ದು? ಊರಾಗ ಮನಿ ಎಲ್ಲಿ ಬರತೈತಿ?' ಎಂದರು. ಮನೆ ಊರಿನ ಯಾವ ಕಡೆ ಎಂಬ ಪ್ರಶ್ನೆ ಯಾಕೆ ಬರುತ್ತದೆ ಎಂದು ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬಾಯಿ ತೆರೆಯುವ ಮೊದಲೇ ವಕೀಲರು ಹೇಳಿದರು:

'ಅದೆಲ್ಲಾ ಇಲ್ಲಿ ಕೇಳೂಹಂಗಿಲ್ಲ ಸಾವಕಾರ್ರ. ನೀವು ಹೇಳ್ರಿ, ಬೌಲಿಂಗೋ ಬ್ಯಾಟಿಂಗೋ?'

'ಬೌಲಿಂಗ್‌ರಿ.'

'ಚಲೋ ಆತು. ಬ್ಯಾಟಿಂಗ್ ಅನ್ನಾವ್ರು ಇಲ್ಲಿ ಬಾಳ ಮಂದಿ ಆಗ್ಯಾರ.'

ಆ ದಿನದ ಚಹಾ ನನಗೆ ಇನ್ನೂ ನೆನಪಿದೆ. ಒಳಗಿನಿಂದ ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುತ್ತಿದ್ದವರು, ಟ್ರೇ ತಂದಿಟ್ಟರು. ಒಂದಕ್ಕೊಂದು ಹೋಲದ ಕಪ್ಪುಗಳು. ಒಂದಕ್ಕೆ ಹಿಡಿ ಇಲ್ಲ, ಒಂದರ ಅಂಚು ಒಡೆದಿದೆ. ನನಗೆ ಬೇರೆ ಕಪ್ಪು ಯಾವುದು ಎಂದು ನಾನು ಹುಡುಕುತ್ತಿದ್ದೆ. ಹುಡುಕಿದರೆ ಎಲ್ಲವೂ ಬೇರೆಯೇ.

ವಕೀಲರು ದೇವರಂಥ ಮನುಷ್ಯ ಎಂದು ನಾನು ಬರೆಯಲು ಹೊರಟಿಲ್ಲ. ಆ ಕಟ್ಟೆಯಿಂದ ಅಡುಗೆಮನೆಯ ತನಕ ಹೋಗುವ ದಾರಿ ನನಗೆ ಬಹಳ ವರ್ಷ ತೆರೆಯಲಿಲ್ಲ. ಒಳಗೆ ಅವರ ತಾಯಿ ಇದ್ದರು. ದಿನಕ್ಕೆರಡು ಸಲ ಲಿಂಗಪೂಜೆ ಮಾಡುತ್ತ, ಕಣ್ಣು ಮುಚ್ಚಿ ವಚನ ಹಾಡುತ್ತ, ಕಣ್ಣು ತೆರೆದರೆ ಯಾರು ಎಲ್ಲಿ ಕುಳಿತಿದ್ದಾರೆಂದು ನೋಡುವ ಮುದುಕಿ. ವಕೀಲರು ಈ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. 'ಒಳಗ ನಮ್ಮ ಅವ್ವ ಅದಾಳ. ಆಕಿ ಇರೂತನಕ ಅಲ್ಲಿ ಕ್ಯಾಪ್ಟನ್ ನಾ ಅಲ್ಲೋ' ಎಂದು ಒಮ್ಮೆ ನೆಲ ನೋಡುತ್ತ ಹೇಳಿದರು. ನನಗೆ ಸಿಟ್ಟು ಬಂದಿತ್ತು, ಬರಲಿಲ್ಲ ಎಂದರೆ ತಪ್ಪಾದೀತು. ಆದರೆ ಸಬೂಬು ಹೇಳದೆ ಇದ್ದುದನ್ನು ಇದ್ದ ಹಾಗೆ ಹೇಳಿದವರು ನನಗೆ ಆ ತನಕ ಸಿಕ್ಕಿರಲಿಲ್ಲ.

ಅವರು ನನಗೆ ಬಹುವಚನ ಬಿಟ್ಟು 'ನೀ' ಎನ್ನಲು ಶುರುಮಾಡಿದ್ದು ಆರಂಭದ ಆಟಗಾರನ ಕೇಸಿನ ದಿನ. ಪರದೇಶದ ವೇಗದ ಬೌಲರುಗಳು ಬಂದು ನಮ್ಮವರ ಎದೆಗೆ ಮುಖಕ್ಕೆ ಚೆಂಡು ಎಸೆಯುತ್ತಿದ್ದ ಸರಣಿ. ನಮ್ಮ ಆರಂಭದ ಆಟಗಾರ ಲೆಗ್ಗಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದು ಔಟಾದ. ಕಟ್ಟೆಯ ಮೇಲೆ ಎಲ್ಲರದೂ ಒಂದೇ ಮಾತು: ಅಂಜುಬುರುಕ, ತೆಗೆದು ಹಾಕಬೇಕು. ನಾನೂ ಹೌದೆಂದೆ. ಕೂಡಲೇ ಸೊಟ್ಟ ಬೆರಳು ನನ್ನ ಬಾಜೂದವನನ್ನು ತೋರಿಸಿತು, ಅಂದರೆ ನನ್ನನ್ನು.

'ತಗೀಬೇಕು ಅಂದ್ರಿ. ಹಂಗಾರ ಮೊದಲ ಅವನ ಪರ ಮಾತಾಡ್ರಿ.'

ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಜ್ಜೆ ಹಿಂದೆ ಸರಿಯುವುದೆಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮೂರಿನಲ್ಲಿ ಗೌಡರ ಮನೆಯವರು ಎದುರಿಗೆ ಬಂದರೆ ನಮ್ಮಪ್ಪ ಬೀದಿಯ ಅಂಚಿಗೆ ಸರಿಯುತ್ತಿದ್ದ. ಅವನ ಕಾಲಿಗೆ ಅದು ತಾನಾಗಿ ಬರುತ್ತಿತ್ತು.

'ಅಂವ ಸರದಾನ್ರಿ, ಖರೆ,' ಎಂದೆ. 'ಮುಖಕ್ಕ ಬರೂದನ್ನ ಕಂಡ್ರ ಕಾಲು ತಾನ ಸರೀತೈತ್ರಿ. ಆದ್ರ ಮೊದಲನೇ ಸರತಿ ಪೆಟ್ಟು ತಿಂದು ಹೋದವ ಎರಡನೇ ಸರತಿ ಮತ್ತ ಬಂದು ಅಲ್ಲೇ ನಿಂತಾನಲ್ರಿ. ಅಂಜುಬುರುಕ ಆಗಿದ್ರ ಬೆರಳಿಗೆ ಪಟ್ಟಿ ಕಟಗೊಂಡು ಒಳಗ ಕುಂದರತಿದ್ದ.'

ವಕೀಲರು ಮೂಗಿನ ಮೇಲಿನ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. 'ಈಗ ಹೇಳು, ತಗೀತಿ ಏನು?' ಎಂದರು.

'ಇಲ್ರಿ.'

'ಮುಂದಿನ ರವಿವಾರ ಮೈದಾನಕ್ಕ ಬಾ. ಬೌಲಿಂಗ್ ನೋಡೋಣು.'

ಹೀಗೆ ನಾನು ಗೋಕಾಕದ ಹನ್ನೊಂದು ಜನರಲ್ಲಿ ಒಬ್ಬನಾದೆ. ಘಟಪ್ರಭೆಯ ದಂಡೆಯ ಬಯಲಿನಲ್ಲಿ ಚಾಪೆ ಹಾಸಿ ಆಡುತ್ತಿದ್ದೆವು. ಎಂಟನೆಯವನಾಗಿ ಬ್ಯಾಟು ಹಿಡಿಯುತ್ತಿದ್ದೆ, ಮೊದಲನೆಯವನಾಗಿ ಚೆಂಡು. ಆಫೀಸಿನಲ್ಲಿ ನನ್ನ ಟೇಬಲ್ಲಿನ ನೀರಿನ ತಂಬಿಗೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟವಾಗಿತ್ತು. ಆದರೆ ನಾನು ಮುಟ್ಟಿದ ಚೆಂಡನ್ನು ಹತ್ತು ಜನ ಮುಟ್ಟುತ್ತಿದ್ದರು, ಉಗುಳು ಹಚ್ಚಿ ಪ್ಯಾಂಟಿಗೆ ತಿಕ್ಕಿ ನನ್ನ ಕೈಗೇ ಕೊಡುತ್ತಿದ್ದರು. ಆ ಊರಿನಲ್ಲಿ ನನ್ನದು ಅನ್ನುವ ಜಾಗ ಇದ್ದದ್ದು ಅದೊಂದೇ. ಅದು ಹೋದರೆ ಮತ್ತೆ ಬೇವಿನ ಗಿಡದ ಕೆಳಗೆ.

ವಕೀಲರು ನಮ್ಮ ಕ್ಯಾಪ್ಟನ್, ನಮ್ಮ ಕೀಪರ್. ಕೀಪರಿನ ಕೆಲಸ ಅವರಿಗೆ ಪ್ರಾಣ, ಬರುತ್ತಿರಲಿಲ್ಲ ಅಷ್ಟೇ. ಅರಳೆ ತುರುಕಿದ ಹಳೆಯ ಕೈಗವಸು ತೊಟ್ಟು, ಸ್ಟಂಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರೆ ಎದ್ದೇಳುವ ಹೊತ್ತಿಗೆ ಚೆಂಡು ಬೌಂಡರಿ ದಾಟಿರುತ್ತಿತ್ತು. ಕ್ಯಾಚು ಬಿಟ್ಟ ಮೇಲೆ ಚೆಂಡನ್ನು ದೂರದಿಂದ ಎಸೆಯುತ್ತಿರಲಿಲ್ಲ. ತಾವೇ ನಡೆದು ಬಂದು ನನ್ನ ಕೈಯಲ್ಲಿ ಇಡುತ್ತಿದ್ದರು. 'ಚಲೋ ಹಾಕಿದ್ದಿ. ನನ್ನ ಕೈ ಸುಡ್ಲಿ. ಇನ್ನೊಂದು ಅಲ್ಲೇ ಹಾಕು.' ಇನ್ನೊಂದನ್ನೂ ಬಿಡುತ್ತಿದ್ದರು.

ಹುಕ್ಕೇರಿಯವರ ಜೊತೆ ಪಂದ್ಯ ಗೊತ್ತಾಯಿತು. ಅಂಥ ಪಂದ್ಯ ಬೇರೆ ಯಾವುದೂ ಇರಲಿಲ್ಲ. ಅವರು ನಮ್ಮನ್ನು ಸತತ ಸೋಲಿಸಿದ್ದರು, ಮತ್ತು ಈ ಸಲ ಊಟಕ್ಕೂ ಕರೆದಿದ್ದರು. ತಂಡ ಆರಿಸಲು ರವಿವಾರ ಸಂಜೆ ಕಟ್ಟೆಯ ಮೇಲೆ ಸೇರಿದೆವು. ಸಾವಕಾರರು ತಮ್ಮ ಜೊತೆ ಮೂಡಲಗಿಯ ತಮ್ಮ ಅಕ್ಕನ ಮಗನನ್ನು ಕರೆತಂದಿದ್ದರು. ಕೊಲ್ಹಾಪುರದಲ್ಲಿ ಕಾಲೇಜು ಓದಿದ ತರುಣ, ಅಲ್ಲಿಯ ತಂಡದಲ್ಲಿ ಕೀಪರಾಗಿ ಆಡಿದ್ದನಂತೆ.

'ಇವಂಗ ಒಂದು ಜಾಗಾ ಮಾಡ್ರಿ ವಕೀಲ್ರ,' ಎಂದರು ಸಾವಕಾರರು. 'ಎಂಟನೆಯವನ್ನ ಈ ಸಲ ಬಿಡೋಣು. ಮೂರ್ನಾಕು ಮ್ಯಾಚ್ ಆತು, ಅವಂಗ ವಿಕೆಟ್ ಇಲ್ಲ.'

ಎಂಟನೆಯವ ನಾನು. ಅಲ್ಲೇ ಕುಳಿತಿದ್ದೆ. ಹೆಸರು ಹೇಳಬಾರದೆಂಬ ಕಾಯಿದೆ ಮೊದಲ ಬಾರಿಗೆ ನನ್ನ ಮೈಗೆ ಚುಚ್ಚಿತು. ನನಗೆ ವಿಕೆಟ್ ಸಿಕ್ಕಿರಲಿಲ್ಲ, ಅದೂ ನಿಜ.

ವಕೀಲರು ತಲೆ ಅಲ್ಲಾಡಿಸಿದರು. 'ಬಿಡೋಣು. ಆದ್ರ ಕಾಯದೆ ಐತೆಲ್ಲ ಸಾವಕಾರ್ರ. ಮೊದಲ ಅವನ ಪರ ಮಾತಾಡ್ರಿ.'

ಸಾವಕಾರರು ಟೋಪಿ ಸರಿಮಾಡಿಕೊಂಡರು. ಸಿಡುಕಿನ ಮನುಷ್ಯರಾದರೂ ಕಟ್ಟೆಯ ಕಾಯಿದೆಗೆ ಬೆಲೆ ಕೊಡುತ್ತಿದ್ದರು. ತಕ್ಕಡಿ ಹಿಡಿದು ಬದುಕಿದವರು, ಒಂದು ಬದಿಗೆ ಹಾಕಿದ ಮೇಲೆ ಇನ್ನೊಂದು ಬದಿಗೂ ಹಾಕಲೇಬೇಕು ಎಂಬುದು ಅವರ ಕೈಗೆ ಗೊತ್ತಿತ್ತು.

'ಅಂವ… ಹೊತ್ತಿಗೆ ಸರಿಯಾಗಿ ಬರ್ತಾನ.'

'ಮುಂದ?'

'ಕಲ್ಲೋಳಿ ಮ್ಯಾಚಿನ್ಯಾಗ ಉಳದಾವ್ರು ಬಿಸಲು ಅಂತ ಕುಂತ್ರ ಅಂವ ಒಬ್ಬನ ಹಾಕ್ಕೋತ ನಿಂತ.'

'ಮುಂದ?'

'ಬಾಲು ಸರಳ ಹಾಕ್ತಾನ. ಬ್ಯಾಟಿಗೆ ಹತ್ತಿ ಹಿಂದ ಹೋಗ್ತಾವು. ಕ್ಯಾಚ್ ಬಾಳ ಬಿದ್ದಾವು ಅವನ ಬೌಲಿಂಗಿನ್ಯಾಗ…'

ಅಷ್ಟು ಹೇಳಿ ಸಾವಕಾರರು ನಿಲ್ಲಿಸಿಬಿಟ್ಟರು.

'ಬಿದ್ದಾವು ಅಂದ್ರ?' ವಕೀಲರ ದನಿ ಈಗ ಕೋರ್ಟಿನದು. 'ಯಾರ ಕೈಯಾಗಿಂದ ಬಿದ್ದಾವು?'

ಕಟ್ಟೆಯ ಮೇಲೆ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ವಕೀಲರು ತಮ್ಮ ಸೊಟ್ಟ ಬೆರಳನ್ನು ಎದುರಿಗೆ ಹಿಡಿದು, ಯಾರದೋ ಬೆರಳನ್ನು ನೋಡುವ ಹಾಗೆ ನೋಡಿದರು.

'ಹಂಗಾರ ಕೇಸು ಬೌಲರ್ ಮ್ಯಾಲ ಅಲ್ಲ. ಕೀಪರ್ ಮ್ಯಾಲ.'

ಸಾವಕಾರರು ಗಾಬರಿಯಾದರು. 'ಅಲ್ಲ ಅಲ್ಲ, ನಿಮ್ಮನ್ನ ಯಾರು ಅಂದಾರ್ರಿ? ನಾ ಹೇಳೂದು ಬ್ಯಾರೆ. ಹುಕ್ಕೇರಿಯೊಳಗ ಊಟಕ್ಕ ಕರದಾರ. ಪಂಕ್ತಿ ಹಾಕತಾರ. ನಾಳೆ ಅವ್ರು ಏನರ ಅಂದ್ರ ನಮಗ ಅವಮಾನ, ಇವಂಗೂ ಅವಮಾನ. ಇವನ ಸಲುವಾಗಿನ ಹೇಳಾಕತ್ತೇನಿ.'

ಕೊನೆಗೂ ಅದು ಹೊರಗೆ ಬಂತು. ನನಗೆ ಎದ್ದು ಹೋಗಬೇಕೆನಿಸಿತು. ಕಾಲು ಆಗಲೇ ಅಂಚಿಗೆ ಸರಿದಿತ್ತು.

ವಕೀಲರು ಸಿಟ್ಟು ಮಾಡಲಿಲ್ಲ. ತಂಡದ ಬಗ್ಗೆ ವಿಚಾರಿಸುವ ದನಿಯಲ್ಲೇ ಕೇಳಿದರು: 'ಈ ಊಟ ಎಷ್ಟನೇ ನಂಬರಿಗೆ ಬ್ಯಾಟಿಂಗ್ ಮಾಡತೈತಿ ಸಾವಕಾರ್ರ?'

ಯಾರೋ ಪಕ್ಕನೆ ನಕ್ಕರು. ಸಾವಕಾರರ ಮುಖ ಕೆಂಪಾಯಿತು. ವಕೀಲರು ಮುಂದುವರಿಸಿದರು. 'ಟೆಸ್ಟ್ ತಂಡದಾಗೂ ಇದ ಆಗೂದು. ತಗೀಬೇಕಾದವ ದೊಡ್ಡಾಂವ ಇದ್ರ ಅವನ್ನ ಬಿಟ್ಟು, ಹಿಂದ ಮುಂದ ಯಾರೂ ಇಲ್ಲದವನ್ನ ತಗೀತಾರ. ಇಷ್ಟ ದಿನಾ ನಾವು ಇಲ್ಲಿ ಕುಂತು ಅವರಿಗೆ ಬೈದೇವಿ. ಈಗ ನಾವು ಮಾಡಬಾರದು. ಕೀಪರನ್ನ ತಗಿಯೋಣು. ಅವನ ಪರ ಯಾರು ಮಾತಾಡ್ತೀರಿ?'

ಸೊಟ್ಟ ಬೆರಳು ಬೇವಿನ ಗಿಡದ ಕಡೆ ತಿರುಗಿತು. ಆ ಬೆರಳಿನ ಲೆಕ್ಕ ಈಗ ನನಗೆ ಗೊತ್ತಿತ್ತು. ಎದ್ದು ನಿಂತೆ.

'ಅವರು ಹಿಂದಿಂದ ಕೂಗಿ ಹೇಳ್ತಾರ್ರಿ, ಚಲೋ ಬಿತ್ತು, ಇನ್ನೊಂದು ಅಲ್ಲೇ ಹಾಕು ಅಂತ. ಬಾಲು ಒಗ್ಯೂದಿಲ್ರಿ. ತಾವ ನಡಕೊಂಡು ಬಂದು ಕೈಯಾಗ ಕೊಡ್ತಾರ.'

'ಕ್ಯಾಚ್ ಹಿಡೀತಾರೇನು?'

'ಪ್ರಯತ್ನ ಬಾಳ ಮಾಡ್ತಾರ್ರಿ.'

'ಕೋರ್ಟಿಗೆ ಉತ್ತರ ಬೇಕು.'

'ಇಲ್ರಿ.'

'ಕೇಸು ಬಿತ್ತು,' ಎಂದರು ವಕೀಲರು. ಒಳಗೆ ಹೋಗಿ ಆ ಅರಳೆ ತುರುಕಿದ ಕೈಗವಸು ತಂದು ಮೂಡಲಗಿಯ ತರುಣನ ತೊಡೆಯ ಮೇಲೆ ಇಟ್ಟರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗಿತ್ತು. 'ಕ್ಯಾಪ್ಟನ್ ಆಗಿ ನಮ್ಮ ತಂಡದಾಗಿನ ಸಾಲಿ ಮಾಸ್ತರು ಇರ್ಲಿ. ನಾ ಹನ್ನೆರಡನೆಯವ.'

ಹುಕ್ಕೇರಿಯ ಪಂದ್ಯಕ್ಕೆ ಬಸ್ಸಿನಲ್ಲಿ ಹೋದೆವು. ಬಿಸಿಲು ಬೆಂಕಿಯಂತಿತ್ತು. ಊಟಕ್ಕೆ ಮೊದಲು ನೀರಿನ ವಿರಾಮ ಬಂತು. ಹನ್ನೆರಡನೆಯವನ ಕೆಲಸ ಆಡುವವರಿಗೆ ನೀರು ತರುವುದು. ಎಲ್ಲ ಊರುಗಳಲ್ಲೂ ಯಾವುದೋ ಹುಡುಗ ಕೊಡ ಹೊತ್ತು ತರುತ್ತಿದ್ದ. ಈ ಸಲ ಮೈದಾನದ ಅಂಚಿನಿಂದ ನಮ್ಮ ವಕೀಲರು, ಬಿಳಿ ಪ್ಯಾಂಟಿಗೆ ಟೈ ಕಟ್ಟಿಕೊಂಡು, ಒಂದು ಕೈಯಲ್ಲಿ ಹಿತ್ತಾಳೆಯ ಕೊಡ, ಇನ್ನೊಂದರಲ್ಲಿ ಒಂದೇ ಒಂದು ಗ್ಲಾಸು ಹಿಡಿದು ತೇಕುತ್ತ ಬಂದರು. ಹುಕ್ಕೇರಿಯ ಜನ ನೋಡುತ್ತಿದ್ದರು. ಗೋಕಾಕ ಕೋರ್ಟಿನ ವಕೀಲರನ್ನು ಅಲ್ಲಿ ಗುರುತಿಸದವರು ಕಡಿಮೆ.

ನಾನು ಹಿಂದೆ ನಿಂತಿದ್ದೆ. ಅವರು ಉಳಿದವರನ್ನೆಲ್ಲ ದಾಟಿ ನೇರ ನನ್ನ ಬಳಿ ಬಂದರು. ನನ್ನ ಕೈ ತಾನಾಗಿ ಬೊಗಸೆಯಾಯಿತು. ಹುಟ್ಟಿದಾಗಿನಿಂದ ಕಲಿತದ್ದು, ಮೇಲಿಂದ ಹೊಯ್ದರೆ ಕೆಳಗೆ ಕುಡಿಯುವುದು. ವಕೀಲರು ಹೊಯ್ಯಲಿಲ್ಲ.

'ಬೊಗಸಿ ಕ್ಯಾಚ್ ಹಿಡ್ಯಾಕ. ನೀರು ಕುಡ್ಯಾಕ ಗ್ಲಾಸ ಐತಿ,' ಎಂದು ತುಂಬಿ ಕೈಗೆ ಕೊಟ್ಟರು. 'ಮೊದಲ ಬೌಲರ್ ಕುಡೀಬೇಕು. ಬಾಳ ಓಡಿದಾಂವ ಅಂವ.'

ಎತ್ತಿ ಹೊಯ್ದುಕೊಂಡು ಕುಡಿಯಬಹುದಿತ್ತು. ತುಟಿ ಹಚ್ಚಿಯೇ ಕುಡಿದೆ. ಆಮೇಲೆ ಅವರು ಅದೇ ಗ್ಲಾಸು ತುಂಬಿ ಮೂಡಲಗಿಯ ಕೀಪರನ ಮುಂದೆ ಹಿಡಿದರು. ಅವನು ಗ್ಲಾಸು ನೋಡಿದ, ನನ್ನನ್ನು ನೋಡಿದ, ದೂರದಲ್ಲಿ ಮರದ ಕೆಳಗೆ ಎದ್ದು ನಿಂತಿದ್ದ ತನ್ನ ಸೋದರಮಾವನನ್ನು ನೋಡಿದ. ಆಮೇಲೆ ಗಟಗಟ ಕುಡಿದುಬಿಟ್ಟ. ಅವನಿಗೆ ಬಾಯಾರಿತ್ತು, ಅಷ್ಟೇ. ಅವನು ಕುಡಿದ ಮೇಲೆ ಉಳಿದವರು ಏನು ಮಾಡಿಯಾರು? ಸರದಿಯಂತೆ ಕುಡಿದರು.

ಊಟದ ಹೊತ್ತಿಗೆ ಪಂಕ್ತಿ ಹಾಕಿದಾಗ ರೊಟ್ಟಿಯ ಬುಟ್ಟಿಯನ್ನೂ ವಕೀಲರೇ ಎತ್ತಿಕೊಂಡರು. 'ಹನ್ನೆರಡನೆಯವನ ಕೆಲಸ' ಎಂದು ನನ್ನ ಎಲೆಯಿಂದ ಬಡಿಸಲು ಶುರುಮಾಡಿದರು. ಸಾವಕಾರರು ಅಂಜಿದ್ದ ಹಾಗೆ ಹುಕ್ಕೇರಿಯವರು ಯಾರೂ ಏನೂ ಅನ್ನಲಿಲ್ಲ. ಒಬ್ಬರು ಬಂದು ನನಗೆ ಇನ್ನಷ್ಟು ಶೇಂಗಾ ಚಟ್ನಿ ಬೇಕೇ ಎಂದು ಕೇಳಿದರು. ಅವರಿಗೆ ಗೊತ್ತಾಗಿರಲಿಲ್ಲವೋ, ಗೊತ್ತಿದ್ದೂ ಕೇಳಿದರೋ, ನಾನು ತಿಳಿಯಲು ಹೋಗಲಿಲ್ಲ. ಚಟ್ನಿ ಹಾಕಿಸಿಕೊಂಡೆ.

ಪಂದ್ಯ ಸೋತೆವು. ಆದರೆ ನನ್ನ ಬೌಲಿಂಗಿನಲ್ಲಿ ಬ್ಯಾಟಿನ ಅಂಚು ಸವರಿ ಹಿಂದೆ ಹೋದ ಚೆಂಡನ್ನು ಮೂಡಲಗಿಯವ ಒಂದು ಬದಿಗೆ ಹಾರಿ ಹಿಡಿದ. ಅಂಥ ಕ್ಯಾಚನ್ನು ನಮ್ಮ ವಕೀಲರು ಏಳು ಜನ್ಮದಲ್ಲೂ ಹಿಡಿಯುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಅವರೇ. ತಟ್ಟುವ ಭರಕ್ಕೆ ಸೊಂಟದ ಟೈ ಬಿಚ್ಚಿಹೋಯಿತು.

ಅವರು ಮತ್ತೆ ತಂಡಕ್ಕೆ ಬರಲಿಲ್ಲ. ಬರುವ ಆಸೆ ಇತ್ತು. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬರೇ ಸ್ಟಂಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಏಳುವುದನ್ನು ನಾನು ಕಂಡಿದ್ದೇನೆ. ಒಂದು ದಿನ ತಡೆಯದೆ ಹೇಳಿಬಿಟ್ಟೆ: 'ಸಾಹೇಬ್ರ, ನನ್ನ ಸಲುವಾಗಿ ನೀವು ಜಾಗಾ ಬಿಟ್ರಿ. ಇದರ ಭಾರ ನನಗ ಹೊರಾಕ ಆಗವಲ್ದು.'

ಅವರು ರೇಗಿದರು. ನನ್ನ ಮೇಲೆ ರೇಗಿದ್ದು ಅದೊಂದೇ ಸಲ. 'ನಿನ್ನ ಸಲುವಾಗಿ ಯಾರು ಬಿಟ್ಟಾರ? ಆ ಕ್ಯಾಚ್ ನಾ ಹಿಡೀತಿದ್ನೇನ, ಹೇಳು? ನೀ ಬೌಲಿಂಗ್ ಚಲೋ ಮಾಡಿದಿ, ಉಳದಿ. ನಾ ಕ್ಯಾಚ್ ಬಿಟ್ಟೆ, ಹ್ವಾದೆ. ಇದರಾಗ ಉಪಕಾರ ಎಲ್ಲಿಂದ ಬಂತು? ಉಪಕಾರ ಅಂತ ತಿಳಕೊಂಡ್ರ ನಿನ್ನ ಬೌಲಿಂಗಿಗೆ ಅವಮಾನ ಮಾಡಿದಂಗ.'

ಹಾಗೆ ಅವರು ನನ್ನ ಕೃತಜ್ಞತೆಯನ್ನೂ ಕೇಸಿನಂತೆ ವಜಾ ಮಾಡಿದರು. ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪಿಲ್ಲ. ಅರ್ಹತೆಯಿಂದ ಸಿಕ್ಕ ಜಾಗವೆಂದು ನಾನು ತಲೆಯೆತ್ತಿ ನಡೆಯಲಿ ಎಂದೇ ಅವರು ಹಾಗೆ ರೇಗಿದರು ಎಂಬುದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ನಾನು ಅವರಿಗೆ ಋಣಿ. ಅವರು ಇದ್ದಾಗ ಹೇಳಲು ಬಿಡಲಿಲ್ಲ, ಈಗ ಹೇಳುತ್ತಿದ್ದೇನೆ.

ತಾಯಿ ತೀರಿಕೊಂಡು ದಿನಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದರು. ಕಣ್ಣು ಇನ್ನೂ ಬಾತಿದ್ದವು. ಆ ಮುದುಕಿಯ ಮೇಲೆ ಅವರಿಗೆ ಜೀವವಿತ್ತು. 'ಒಳಗ ಈಗ ನಾ ಕ್ಯಾಪ್ಟನ್,' ಎಂದರು. 'ಊಟಕ್ಕ ಬಾ. ನಿಮ್ಮ ವೈನಿ ಹೋಳಿಗಿ ಮಾಡ್ಯಾಳ.' ಇಷ್ಟು ತಡವಾಯಿತಲ್ಲ ಎಂಬ ನೋವು ನನಗೂ ಇತ್ತು, ಅವರಿಗೂ ಇತ್ತು. ಇಬ್ಬರೂ ಅದರ ಮಾತೆತ್ತದೆ ಹೋಳಿಗೆ ತಿಂದೆವು.

ಆಮೇಲೆ ನನಗೆ ಮೂಡಲಗಿಗೆ, ಅಲ್ಲಿಂದ ಹುಕ್ಕೇರಿಗೆ ವರ್ಗವಾಯಿತು. ಟೆಸ್ಟ್ ಇದ್ದಾಗ ಬಸ್ಸು ಹಿಡಿದು ಕಟ್ಟೆಗೆ ಬರುತ್ತಿದ್ದೆ. ಕೊನೆಯ ಸಲ ಬಂದಾಗ ಅವರು ವಾದಿಸುತ್ತಿದ್ದುದು ಟೆಸ್ಟ್ ತಂಡದ ಹನ್ನೆರಡನೆಯವನ ಬಗ್ಗೆ. ಅವನನ್ನೂ ಆರಿಸುವಾಗ ಅರ್ಹತೆ ನೋಡಬೇಕು, ಯಾರಿಗೆ ಮೊದಲು ನೀರು ಕೊಡಬೇಕೆಂದು ತಿಳಿದವನೇ ಆಗಬೇಕು ಎಂಬುದು ಅವರ ವಾದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಸುದ್ದಿ ಬಂದಾಗ ನಾನು ಹುಕ್ಕೇರಿಯ ಆಫೀಸಿನಲ್ಲಿದ್ದೆ. ಸಿಕ್ಕ ಬಸ್ಸಿಗೆ ಬಂದು ಮುಟ್ಟಿದೆ. ಮಣ್ಣಿಗೆ ಒಯ್ಯಲು ಕಟ್ಟಿದ ವಿಮಾನದಲ್ಲಿ ಕೂಡಿಸಿದ್ದ ಅವರ ಹಣೆಯ ತುಂಬ ವಿಭೂತಿ. ಬಲಗೈ ತೊಡೆಯ ಮೇಲಿತ್ತು, ಸೊಟ್ಟ ಬೆರಳು ಆಗಲೂ ಬೇರೆ ಎಲ್ಲಿಯೋ ತೋರಿಸುತ್ತಿತ್ತು. ಮಣ್ಣು ಕೊಟ್ಟು, ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಮರಳಿ ಬಂದು ಕಟ್ಟೆಯ ಮೇಲೆ ಕುಳಿತೆವು. ರೇಡಿಯೋದ ಮೇಲೆ ಬಟ್ಟೆ ಹೊದಿಸಿತ್ತು. ಸಾವಕಾರರು ಮುದುಕರಾಗಿದ್ದರು, ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದು ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದರು. ನಾನು ಅವರ ಬಾಜೂ ಕುಳಿತಿದ್ದೆ.

ಒಳಗಿನಿಂದ ಮೂಡಲಗಿಯ ಕೀಪರ್ ನೀರಿನ ಕೊಡ ಮತ್ತು ಗ್ಲಾಸು ತಂದ. ಈಗ ಅವನಿಗೂ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹಿರಿಯರೆಂದು, ಸೋದರಮಾವನೆಂದು, ತುಂಬಿದ ಗ್ಲಾಸನ್ನು ಮೊದಲು ಸಾವಕಾರರ ಮುಂದೆ ಹಿಡಿದ. ಸಾವಕಾರರು ಕೈ ಚಾಚಿ ತೆಗೆದುಕೊಂಡರು. ತುಟಿಯ ತನಕ ಒಯ್ದವರು ನಿಲ್ಲಿಸಿದರು. ಬೇವಿನ ಗಿಡದ ಕಡೆ ಸ್ವಲ್ಪ ಹೊತ್ತು ನೋಡಿ, ಗ್ಲಾಸನ್ನು ನನ್ನ ಕಡೆ ಹಿಡಿದರು.

'ಮೊದಲ ಬೌಲರ್,' ಎಂದರು.

ನಾನು ಕುಡಿದು ಮರಳಿ ಕೊಟ್ಟೆ. ಸಾವಕಾರರು ಅದನ್ನೇ ತುಂಬಿಸಿಕೊಂಡು ತುಟಿ ಹಚ್ಚಿ ಕುಡಿದರು. ಮತ್ತೊಂದು ಗ್ಲಾಸು ಕೇಳಿದರು. ಬಹಳ ಬಾಯಾರಿತ್ತು ಅವರಿಗೆ.